ಡೇಟಾಬೇಸ್ ಬದುಕಿದ್ಯಾ, ಇಲ್ಲ ಬರೀ ಕಣ್ಣು ಬಿಟ್ಕೊಂಡಿದ್ಯಾ: ಯಾವ ಮಾನಿಟರಿಂಗ್ ಯಾರಿಗೆ

ಸೋಮವಾರ ಬೆಳಗ್ಗೆ ಹತ್ತೂಕಾಲಿಗೆ ಫೋನು. ನಾನು ಸರ್ವರ್ ನೋಡ್ಕೊಳ್ಳೋ ಒಂದು ಸಹಕಾರ ಸಂಘ, ಮೂರು ಬ್ರಾಂಚು, ಎಲ್ಲಾ ಕೌಂಟರಲ್ಲೂ ಒಂದೇ ಕಥೆ, "ಸಾರ್ ರಸೀದಿ ಸೇವ್ ಆಗ್ತಿಲ್ಲ, ಸುಮ್ನೆ ಗಿರಗಿರ ತಿರುಗ್ತಾ ಇದೆ". ನಾನು ಲ್ಯಾಪ್‌ಟಾಪ್ ತೆಗ್ದು ಡ್ಯಾಶ್‌ಬೋರ್ಡ್ ನೋಡಿದ್ರೆ ಎಲ್ಲಾ ಹಸಿರು. ಡೇಟಾಬೇಸ್ ಅಪ್, ರೆಸ್ಪಾನ್ಸ್ ಟೈಮ್ 3 ಮಿಲಿಸೆಕೆಂಡ್, ಕಳೆದ ಮೂವತ್ತು ದಿನದ ಅಪ್‌ಟೈಮ್ ನೂರಕ್ಕೆ ನೂರು. ಇಂಟರ್‌ನೆಟ್ ನೋಡ್ಕೊಳ್ಳಿ ಸಾರ್ ಅಂತ ಅವರಿಗೇ ವಾಪಸ್ ಹೇಳ್ಬಿಟ್ಟೆ, ಈಗ್ಲೂ ನೆನೆಸ್ಕೊಂಡ್ರೆ ನಾಚಿಕೆ ಆಗತ್ತೆ.

ಆಗಿದ್ದೇನಂದ್ರೆ ಡಿಸ್ಕ್ ತುಂಬಿತ್ತು. 40 ಜಿಬಿ ಡಿಸ್ಕು, ಮೈಎಸ್‌ಕ್ಯೂಎಲ್ 8, ಅದ್ರಲ್ಲಿ ಬೈನರಿ ಲಾಗ್ (ಡೇಟಾದಲ್ಲಿ ಆದ ಬದಲಾವಣೆಗಳ ದಾಖಲೆ, ಚಿಕ್ಕದಾಗಿ ಬಿನ್‌ಲಾಗ್) ಡಿಫಾಲ್ಟಾಗೇ ಆನ್ ಇರತ್ತೆ, ಮತ್ತೆ ಡಿಫಾಲ್ಟಾಗಿ 30 ದಿನ ಇಟ್ಕೊಳ್ಳತ್ತೆ, ಅದನ್ನ ಕಮ್ಮಿ ಮಾಡಬೇಕು ಅನ್ನೋದು ನನ್ ತಲೇಲೇ ಬಂದಿರ್ಲಿಲ್ಲ. ಡಿಸ್ಕ್ ತುಂಬಿದ್ರೆ ಮೈಎಸ್‌ಕ್ಯೂಎಲ್ ಸಾಯಲ್ಲ, ಅದೇ ತಮಾಷೆ. ಎರರ್ ಲಾಗಲ್ಲಿ "ಯಾರಾದ್ರೂ ಜಾಗ ಖಾಲಿ ಮಾಡ್ಲಿ ಅಂತ ಕಾಯ್ತಿದೀನಿ, 60 ಸೆಕೆಂಡಿಗೆ ಮತ್ತೆ ಟ್ರೈ ಮಾಡ್ತೀನಿ" ಅನ್ನೋ ಅರ್ಥದ ಒಂದು ಸಾಲು ಬರೆದು ಸುಮ್ನೆ ಕೂತಿರತ್ತೆ. ಓದೋ ಕ್ವೆರಿಗಳೆಲ್ಲ (ಡೇಟಾಬೇಸಿಗೆ ಕೇಳೋ ಪ್ರಶ್ನೆಗಳು) ಆರಾಮಾಗಿ ಓಡ್ತವೆ, ಹಳೇ ರಸೀದಿ ಓಪನ್ ಆಗತ್ತೆ, ಬ್ಯಾಲೆನ್ಸ್ ತೋರಿಸತ್ತೆ, ಬರೆಯೋದು ಮಾತ್ರ ನೇತಾಡ್ತಾ ಇರತ್ತೆ. ನನ್ ಮಾನಿಟರ್ ಕೇಳ್ತಿದ್ದಿದ್ದು "ಸೆಲೆಕ್ಟ್ 1" ಅಂತ ಮಾತ್ರ, ಅಂದ್ರೆ ಸುಮ್ನೆ 1 ಅಂತ ವಾಪಸ್ ಹೇಳು ಅಂತ, ಅದಕ್ಕೆ ಉತ್ತರ ಕೊಡಕ್ಕೆ ಡಿಸ್ಕ್ ಯಾಕ್ ಬೇಕು! ಹಳೇ ಬಿನ್‌ಲಾಗ್ ಅಳಿಸಿದ ಒಂದು ನಿಮಿಷದೊಳಗೆ ನಿಂತಿದ್ದ ರೈಟ್‌ಗಳೆಲ್ಲ ತಾವೇ ಮುಂದುವರಿದ್ವು, ಜೊತೆಗೆ ಕೌಂಟರ್‌ನೋರು ಸಿಟ್ಟಲ್ಲಿ ಮೂರ್ಮೂರು ಸಲ ಸೇವ್ ಒತ್ತಿದ್ದಕ್ಕೆ ಮೂರ್ಮೂರು ರಸೀದಿ. ಅದನ್ನ ಸರಿ ಮಾಡಕ್ಕೆ ಸಂಜೆ ಆಯ್ತು.

ಅವತ್ತಿಂದ ಟೂಲ್ ಕೇಳೋರಿಗೆಲ್ಲ ನಾನು ಮೊದ್ಲು ಕೇಳೋದು, ನಿಮ್ಗೆ ಯಾವ ಪ್ರಶ್ನೆಗೆ ಉತ್ತರ ಬೇಕು ಅಂತ. ಇದ್ಯಾ ಇಲ್ವಾ, ಒಂದು. ಕೆಲಸ ಮಾಡ್ತಿದ್ಯಾ, ಎಷ್ಟು ಹೊತ್ತಿಗೆ ಮಾಡ್ತಿದೆ, ಎರಡು. ಯಾಕೆ ನಿಧಾನ, ಮೂರು. ಮೂರಕ್ಕೂ ಒಂದೇ ಟೂಲ್ ಅಂತ ಮಾರೋರು ತುಂಬಾ ಜನ ಇದಾರೆ, ಆದ್ರೆ ಒಂದೊಂದು ಟೂಲ್ ಒಂದೊಂದು ಪ್ರಶ್ನೆಗೆ ಹುಟ್ಟಿರೋದು, ಉಳಿದಿದ್ದನ್ನ ಆಮೇಲೆ ಅಂಟಿಸ್ಕೊಂಡಿರತ್ತೆ.

ಪಿಂಗ್ ಮತ್ತೆ ಪೋರ್ಟ್ ಚೆಕ್: ಅಗ್ಗ, ಆದ್ರೆ ಸುಳ್ಳು ಹೇಳತ್ತೆ

ಎಲ್ಲಾರೂ ಶುರು ಮಾಡೋದು ಇಲ್ಲಿಂದ್ಲೇ. ಮೈಎಸ್‌ಕ್ಯೂಎಲ್ ಪೋರ್ಟ್ 3306 ಓಪನ್ ಇದ್ಯಾ, ಪೋಸ್ಟ್‌ಗ್ರೆಸ್ ಅನ್ನೋ ಇನ್ನೊಂದು ಡೇಟಾಬೇಸಿನ 5432 ಓಪನ್ ಇದ್ಯಾ. ಏನೂ ಇಲ್ದೇ ಇರೋದಕ್ಕಿಂತ ಪರವಾಗಿಲ್ಲ, ಆದ್ರೆ ಇದ್ರ ಗುಂಡಿಗಳು ಗೊತ್ತಿರ್ಲಿ.

ಮೈಎಸ್‌ಕ್ಯೂಎಲ್ ಅಡ್ಮಿನ್ ಪಿಂಗ್ ಅನ್ನೋ ಕಮ್ಯಾಂಡ್ ಇದ್ಯಲ್ಲ, ಅದು ಪಾಸ್‌ವರ್ಡ್ ತಪ್ಪಿದ್ರೂ, ಆಕ್ಸೆಸ್ ಡಿನೈಡ್ ಅಂದ್ರೂ, ಸಕ್ಸಸ್ ಕೋಡ್ ಸೊನ್ನೆನೇ ಕೊಡತ್ತೆ. ಯಾಕಂದ್ರೆ ಅದರ ಲೆಕ್ಕದಲ್ಲಿ ಬೈದು ಕಳಿಸೋಕೆ ಸರ್ವರ್ ಇದೆ ತಾನೇ. ಪೋಸ್ಟ್‌ಗ್ರೆಸ್‌ನ ಪಿಜಿ ಈಸ್‌ರೆಡಿ ಕೂಡ ಅದೇ ಜಾತಿ, ಯೂಸರ್ ಪಾಸ್‌ವರ್ಡ್ ಸರಿ ಇರ್ಬೇಕು ಅಂತಿಲ್ಲ, ಕನೆಕ್ಷನ್ ಎಲ್ಲಾ ತುಂಬಿ "ಟೂ ಮೆನಿ ಕ್ಲೈಂಟ್ಸ್" ಅಂತ ಬರ್ತಿದ್ರೂ ಅದು ರೆಡಿ ಅಂತಾನೇ ಹೇಳತ್ತೆ. ಸ್ಟಾರ್ಟಪ್ ಆಗ್ತಿದ್ಯಾ, ಕ್ರ್ಯಾಶ್ ರಿಕವರಿಲಿದ್ಯಾ ಅಂತ ನೋಡಕ್ಕೆ ಚೆನ್ನಾಗಿದೆ, ಡಾಕರ್ ಕಂಪೋಸಲ್ಲಿ (ಹಲವು ಪ್ರೋಗ್ರಾಂ ಒಟ್ಟಿಗೆ ಎಬ್ಬಿಸೋ ಟೂಲು) ಒಂದು ಎದ್ದ ಮೇಲೆ ಇನ್ನೊಂದು ಏಳ್ಲಿ ಅನ್ನೋದಕ್ಕೆ ಬಳಸಿ. ಆಪ್ ಕೆಲಸ ಮಾಡತ್ತಾ ಅನ್ನೋದಕ್ಕೆ ಬಳಸಬೇಡಿ.

ಇನ್ನೊಂದು ಇದೆ, ಇದು ಕೇಳಿ ನಗಬೇಡಿ. ಬರೀ ಟಿಸಿಪಿ ಚೆಕ್ (ಪೋರ್ಟ್ ಓಪನ್ ಇದ್ಯಾ ಅಂತ ಮಾತ್ರ ನೋಡೋದು) ಮೈಎಸ್‌ಕ್ಯೂಎಲ್ ಬಾಗಿಲು ತಟ್ಟಿ, ಹ್ಯಾಂಡ್‌ಶೇಕ್ ಮಾಡದೇ ಓಡಿಹೋಗತ್ತೆ, ಬೀದಿ ಹುಡುಗ್ರು ಕಾಲಿಂಗ್ ಬೆಲ್ ಒತ್ತಿ ಓಡಿಹೋಗೋ ಥರ. ಮೈಎಸ್‌ಕ್ಯೂಎಲ್ ಇದನ್ನ ಎಣಿಸ್ತಾ ಹೋಗತ್ತೆ, ಆ ಮಷಿನ್ನಿಂದ ಮಧ್ಯ ಒಂದೂ ಸರಿಯಾದ ಕನೆಕ್ಷನ್ ಬರದೇ ಸತತವಾಗಿ 100 ಆದ್ರೆ (ಡಿಫಾಲ್ಟ್ ಅಷ್ಟೇ) ಆ ಹೋಸ್ಟನ್ನೇ ಬ್ಲಾಕ್ ಮಾಡತ್ತೆ, ಐಪಿ ನಂಬರಿಂದ ಮಷಿನ್ ಹೆಸರು ಹುಡುಕೋದು (ನೇಮ್ ರಿಸಾಲ್ವ್) ಆಫ್ ಮಾಡಿಲ್ಲ ಅಂದ್ರೆ. ನಿಮಿಷಕ್ಕೊಂದು ಚೆಕ್ ಇಟ್ರೆ ಒಂದೂಮುಕ್ಕಾಲು ಗಂಟೆಯೊಳಗೆ ನಿಮ್ ಮಾನಿಟರ್ ಮಷಿನ್ ಬ್ಲಾಕು. ಆಮೇಲೆ ಆ ಮಷಿನ್ನಿಂದ ನೀವೇ ಲಾಗಿನ್ ಆಗಕ್ ಹೋದ್ರೂ ಒಳಗ್ ಬಿಡಲ್ಲ, ಹೋಸ್ಟ್ ಫ್ಲಶ್ ಮಾಡಿ ಆ ಬ್ಲಾಕ್ ತೆಗೆಯೋ ತನಕ.

ಹೊರಗಿಂದ ಫ್ರೀಯಾಗಿ ನೋಡೋ ಸರ್ವಿಸ್‌ಗಳೂ ಇವೆ, ಅಪ್‌ಟೈಮ್ ರೋಬೋ ಥರದ್ದು, ಅದಕ್ಕೋಸ್ಕರ ಡೇಟಾಬೇಸ್ ಪೋರ್ಟನ್ನ ಇಡೀ ಜಗತ್ತಿಗೆ ತೆರೆದಿಡಬೇಡಿ ದಯವಿಟ್ಟು. ಆಪ್‌ನಲ್ಲಿ ಒಂದು ಸಣ್ಣ ಹೆಲ್ತ್ ಪೇಜ್ ಮಾಡಿ, ಅದು ಒಳಗೆ ಒಂದು ಕ್ವೆರಿ ಓಡಿಸಿ ಸರಿ ಅಂತ ಬರೆಯತ್ತೆ, ಹೊರಗಿನೋರು ಆ ಪೇಜ್ ನೋಡ್ಲಿ. ಐದು ನಿಮಿಷಕ್ಕೊಂದ್ ಸಲ ನೋಡಿ ಶೇಕಡಾ 99.99 ಅಂತ ಕ್ಲೈಂಟಿಗೆ ರಿಪೋರ್ಟ್ ಕೊಡೋರನ್ನ ನೋಡಿದೀನಿ. ಮೂವತ್ತು ದಿನದ ತಿಂಗಳಲ್ಲಿ 99.99 ಅಂದ್ರೆ ಒಟ್ಟು 4 ನಿಮಿಷ 19 ಸೆಕೆಂಡ್ ಡೌನ್. ಅಷ್ಟೂ ಹೊತ್ತು ಎರಡು ಚೆಕ್ ಮಧ್ಯದಲ್ಲೇ ಕಳೆದುಹೋಗಬಹುದು. 99.9 ಆದ್ರೆ 43 ನಿಮಿಷ, ಅದನ್ನ ನಿಮಿಷಕ್ಕೊಂದು ಚೆಕ್‌ನಲ್ಲಿ ಅಳೀಬಹುದು, ಸಣ್ಣ ಊರಿನ ಒಂದು ಸರ್ವರಿಗೆ ಅಷ್ಟೇ ಮಾತು ಕೊಡಿ ಅನ್ನೋದು ನನ್ ಅಭಿಪ್ರಾಯ.

ಕೈಯಲ್ಲಿ ಬರೆದ ಸ್ಕ್ರಿಪ್ಟು: ಒಂದೇ ಸರ್ವರ್ ಇರೋರಿಗೆ ನನ್ ಓಟು ಇದಕ್ಕೇ

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ದೊಡ್ಡ ಟೂಲ್ ಹಾಕೋರೂ ಕೊನೆಗೆ ಇದನ್ನ ಅದ್ರೊಳಗೇ ಸೇರಿಸ್ಕೋಬೇಕಾಗತ್ತೆ.

ಡೇಟಾಬೇಸಲ್ಲಿ ಒಂದು ಪುಟ್ಟ ಟೇಬಲ್, ಹೆಸರು ಹಾರ್ಟ್‌ಬೀಟ್, ಅದ್ರಲ್ಲಿ ಒಂದೇ ಒಂದು ಸಾಲು. ಕ್ರಾನ್ (ಲಿನಕ್ಸಲ್ಲಿ ಹೇಳಿದ ಟೈಮಿಗೆ ಕೆಲಸ ಓಡಿಸೋದು) ನಿಮಿಷಕ್ಕೊಂದು ಸಲ ಬಂದು ಆ ಸಾಲಿನಲ್ಲಿ ಈಗಿನ ಟೈಮ್ ಅಪ್ಡೇಟ್ ಮಾಡತ್ತೆ, ಅಲ್ಲಿಗೆ ಬರೆಯೋದು ಕೆಲಸ ಮಾಡ್ತಿದೆ ಅಂತ ಗೊತ್ತಾಯ್ತು. ಆಮೇಲೆ ಒಂದು ನಿಜವಾದ ಕ್ವೆರಿ, "ಸೆಲೆಕ್ಟ್ 1" ಅಲ್ಲ, ಕೌಂಟರಲ್ಲಿ ಜನ ದಿನಕ್ಕೆ ನೂರು ಸಲ ಒತ್ತೋ ಕ್ವೆರಿ, ನನ್ ಕೇಸಲ್ಲಿ ಒಂದು ಬ್ರಾಂಚಿನ ಇವತ್ತಿನ ರಸೀದಿ ಲಿಸ್ಟು. ಎರಡಕ್ಕೂ ಎಷ್ಟು ಮಿಲಿಸೆಕೆಂಡ್ ಹಿಡೀತು ಅಂತ ಒಂದು ಫೈಲಿಗೆ ಸಾಲು ಸಾಲಾಗಿ ಸೇರ್ತಾ ಹೋಗತ್ತೆ. ಎರಡೂ ಸರಿಯಾದ್ರೆ ಮಾತ್ರ ಹೊರಗಿನ ಒಂದು ಸರ್ವಿಸಿಗೆ "ಬದುಕಿದೀನಿ" ಅಂತ ಒಂದು ಪಿಂಗ್ ಕಳಿಸತ್ತೆ, ಮೂರು ನಿಮಿಷ ಪಿಂಗ್ ಬರ್ಲಿಲ್ಲ ಅಂದ್ರೆ ಆ ಸರ್ವಿಸ್ ನನ್ನ ಎಬ್ಬಿಸತ್ತೆ.

ಈ ಉಲ್ಟಾ ವ್ಯವಸ್ಥೆ ನಂಗೆ ತುಂಬಾ ಇಷ್ಟ. ತೊಂದ್ರೆ ಆದಾಗ ಮೆಸೇಜ್ ಕಳಿಸು ಅಂತ ಇಟ್ರೆ, ಸರ್ವರೇ ಸತ್ತಾಗ ಕಳಿಸೋರು ಯಾರು? ಚೆನ್ನಾಗಿದೀನಿ ಅಂತ ಹೇಳ್ತಾ ಇರು, ಸುಮ್ನಾದ್ರೆ ನಾನು ಬರ್ತೀನಿ, ಇದು ಊರಲ್ಲಿ ಒಬ್ಬರೇ ಇರೋ ಅಜ್ಜಿ ದಿನಾ ಸಂಜೆ ಫೋನ್ ಮಾಡೋ ಪದ್ಧತಿ ಥರ.

ಎರಡು ಎಚ್ಚರಿಕೆ. ಟೈಮ್‌ಔಟ್ ಹಾಕಿ, ಮತ್ತೆ ಹಿಂದಿಂದು ಮುಗೀದೇ ಇನ್ನೊಂದು ಶುರುವಾಗದ ಹಾಗೆ ಲಾಕ್ ಹಾಕಿ. ಇಲ್ಲಾಂದ್ರೆ ಡೇಟಾಬೇಸ್ ನಿಧಾನ ಆದಾಗ ನಿಮಿಷಕ್ಕೊಂದರಂತೆ ಸ್ಕ್ರಿಪ್ಟು ಸಾಲು ನಿಂತ್ಕೊಂಡು, ಮೈಎಸ್‌ಕ್ಯೂಎಲ್ ಡಿಫಾಲ್ಟ್ 151 ಕನೆಕ್ಷನ್, ಎರಡೂವರೆ ಗಂಟೇಲಿ ನಿಮ್ ಮಾನಿಟರೇ ಅದನ್ನ ತುಂಬಿಸಿ ಸಾಯಿಸತ್ತೆ. ಇನ್ನೊಂದು, ಮಾನಿಟರ್ ಯೂಸರಿಗೆ ಸೂಪರ್ ಪವರ್ ಕೊಡ್ಬೇಡಿ. ಮೈಎಸ್‌ಕ್ಯೂಎಲ್ ಆ 151ರ ಮೇಲೆ ಒಂದು ಕನೆಕ್ಷನ್ನ ಅಡ್ಮಿನ್ನಿಗೆ ಅಂತ ಎತ್ತಿಟ್ಟಿರತ್ತೆ, ಪೋಸ್ಟ್‌ಗ್ರೆಸ್ ಡಿಫಾಲ್ಟ್ 100ರಲ್ಲಿ 3 ಸೂಪರ್‌ಯೂಸರಿಗೆ. ನಿಮ್ ಮಾನಿಟರ್ ಆ ವಿಐಪಿ ಸಾಲಲ್ಲಿ ಒಳಗೆ ಹೋಗ್ಬಿಟ್ರೆ, ಆಪ್ ಹೊರಗೆ ಕನೆಕ್ಷನ್ ಸಿಗದೇ ಸಾಯ್ತಾ ಇದ್ರೂ ಒಳಗೆ ಎಲ್ಲಾ ಹಸಿರೇ. ಮಾನಿಟರು ಸಾಮಾನ್ಯ ಜನರ ಕ್ಯೂನಲ್ಲೇ ನಿಲ್ಲಬೇಕು.

ಕೊರತೆ? ಗ್ರಾಫ್ ಇಲ್ಲ, ಬರೆದೋನು ರಜೆ ಹೋದ್ರೆ ಬೇರೆಯೋರಿಗೆ ಅರ್ಥ ಆಗಲ್ಲ, ನಾಲ್ಕನೇ ಸರ್ವರ್ ಬಂದಾಗ ನಾಲ್ಕು ಥರದ ಸ್ಕ್ರಿಪ್ಟ್ ಇರತ್ತೆ.

ಅಪ್‌ಟೈಮ್ ಕುಮಾ

ಕುಮಾರ ಅಲ್ಲ ಕುಮಾ, ಜಪಾನಿ ಭಾಷೇಲಿ ಕರಡಿ ಅಂತ. 2021ರಲ್ಲಿ ಬಂದಿದ್ದು, ಓಪನ್ ಸೋರ್ಸ್, ಡಾಕರಲ್ಲಿ ಒಂದೇ ಕಮ್ಯಾಂಡಿಗೆ ಎದ್ದು 3001 ಪೋರ್ಟಲ್ಲಿ ಕೂರತ್ತೆ. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್, ಎಸ್‌ಕ್ಯೂಎಲ್ ಸರ್ವರ್, ಮಾಂಗೋ, ರೆಡಿಸ್ ಎಲ್ಲಕ್ಕೂ ಮಾನಿಟರ್ ಇದೆ, ಎಸ್‌ಕ್ಯೂಎಲ್ ಡೇಟಾಬೇಸುಗಳಿಗೆ ನಿಮ್ದೇ ಕ್ವೆರಿ ಕೊಡಬಹುದು, 20 ಸೆಕೆಂಡಿಗೊಂದ್ ಸಲ ನೋಡು ಅಂತಾನೂ ಇಡಬಹುದು, ಟೆಲಿಗ್ರಾಮಿಗೆ ಮೆಸೇಜ್ ಬರತ್ತೆ. ನೋಡಕ್ಕೂ ಚಂದ ಇದೆ, ಕ್ಲೈಂಟಿಗೆ ಸ್ಟೇಟಸ್ ಪೇಜ್ ಅಂತ ಒಂದು ಲಿಂಕ್ ಕೊಟ್ರೆ ಅವರಿಗೂ ಖುಷಿ. ಮೇಲೆ ಹೇಳಿದ ಸ್ಕ್ರಿಪ್ಟಿನ ಪಿಂಗ್ ಕೂಡ ಇದಕ್ಕೇ ಕಳಿಸಬಹುದು, ಪುಶ್ ಅಂತ ಒಂದು ಥರದ ಮಾನಿಟರ್ ಇದೆ.

ಇದು ಮೊದಲ್ನೇ ಪ್ರಶ್ನೆಗೆ ಪೂರ್ತಿ, ಎರಡನೇದಕ್ಕೆ ಅರ್ಧ ಉತ್ತರ. ಯಾಕೆ ನಿಧಾನ ಅನ್ನೋದಕ್ಕೆ ಇದ್ರ ಹತ್ರ ಉತ್ತರ ಇಲ್ಲ, ಅದು ತನಗೆ ಗೊತ್ತು ಅಂತ ನಟಿಸೋದೂ ಇಲ್ಲ, ಹಂಗಾಗಿ ನಂಗೆ ಇಷ್ಟ. ಆದ್ರೆ ಎಲ್ಲಿ ಹಾಕ್ತೀರ ಅನ್ನೋದು ಮುಖ್ಯ. ಡೇಟಾಬೇಸ್ ಇರೋ ಸರ್ವರಲ್ಲೇ ಹಾಕಿದ್ರೆ ಮನೆಗೆ ಬೆಂಕಿ ಬಿದ್ದಾಗ ಮನೆಯೊಳಗೇ ಕೂತ ಕಾವಲುಗಾರ. ಆಫೀಸಿನ ಹಳೇ ಪಿಸಿಲಿ ಹಾಕಿದ್ರೂ ಕಷ್ಟ, ನಾನು ಮಲೆನಾಡಿನ ಸಾಗರದಲ್ಲಿ ಕೂತು ಮುಂಬೈ ಡೇಟಾಸೆಂಟರಲ್ಲಿರೋ ಸರ್ವರ್ ನೋಡ್ತಿದ್ದೆ, ಜುಲೈ ಮಳೆ ಶುರುವಾದ್ರೆ ಕರೆಂಟೂ ಇಲ್ಲ ಫೈಬರೂ ಇಲ್ಲ, ನೆಟ್ ವಾಪಸ್ ಬಂದ ಕೂಡ್ಲೇ ಹದಿನೈದು ಡೌನ್ ಹದಿನೈದು ಅಪ್ ಮೆಸೇಜು ಒಟ್ಟಿಗೆ ಸುರೀತಿದ್ವು, ಸರ್ವರ್ ಮಾತ್ರ ಅಷ್ಟೂ ಹೊತ್ತು ಆರಾಮಾಗಿತ್ತು. ಎರಡು ವಾರ ಹಿಂಗಾದ್ರೆ ಮನುಷ್ಯ ಅಲರ್ಟ್ ನೋಡೋದೇ ಬಿಡ್ತಾನೆ. ಬೇರೆ ಊರಿನ ಡೇಟಾಸೆಂಟರಲ್ಲಿ ಅತೀ ಅಗ್ಗದ ಒಂದು ವಿಪಿಎಸ್ (ಬಾಡಿಗೆ ವರ್ಚುವಲ್ ಸರ್ವರ್) ತಗೊಂಡು ಅಲ್ಲಿ ಹಾಕಿ, ರಿಟ್ರೈ ಎರಡೋ ಮೂರೋ ಇಡಿ.

ನಾಗಿಯೋಸ್, ಜ್ಯಾಬಿಕ್ಸ್: ಹಳೇ ಹುಲಿಗಳು

ನಾಗಿಯೋಸ್ 1999ರಲ್ಲಿ ನೆಟ್‌ಸೇಂಟ್ ಅನ್ನೋ ಹೆಸರಲ್ಲಿ ಹುಟ್ಟಿದ್ದು. ಈಗಾಗ್ಲೇ ನಿಮ್ ಆಫೀಸಲ್ಲಿ ಇದ್ರೆ ಇರ್ಲಿ, ಮೈಎಸ್‌ಕ್ಯೂಎಲ್ ಪೋಸ್ಟ್‌ಗ್ರೆಸ್ ಎರಡಕ್ಕೂ ಪ್ಲಗಿನ್ ಇದೆ, ಓಕೆ, ವಾರ್ನಿಂಗ್, ಕ್ರಿಟಿಕಲ್ ಅಂತ ಹೇಳತ್ತೆ. ಹೊಸದಾಗಿ ಇವತ್ತು ಹಾಕಕ್ ಹೋಗ್ಬೇಡಿ, ಕಾನ್ಫಿಗ್ ಫೈಲ್ ತಿದ್ದೋದ್ರಲ್ಲೇ ಆಯುಷ್ಯ ಮುಗಿಯತ್ತೆ.

ಜ್ಯಾಬಿಕ್ಸ್ ಬೇರೆ ಮಾತು. ಲ್ಯಾಟ್ವಿಯಾ ದೇಶದ್ದು, 2001ರಿಂದ ಜನರ ಕೈಲಿದೆ, ಪೂರ್ತಿ ಫ್ರೀ. ಸರ್ವರ್, ಸ್ವಿಚ್, ಯುಪಿಎಸ್, ಪ್ರಿಂಟರ್ ಎಲ್ಲಾ ಒಂದೇ ಕಡೆ ನೋಡ್ಬೇಕು, ಡೇಟಾಬೇಸ್ ಅದ್ರಲ್ಲೊಂದು, ನೋಡೋರು ಪ್ರೋಗ್ರಾಮರ್ ಅಲ್ಲ ಐಟಿ ಅಡ್ಮಿನ್, ಅನ್ನೋ ಕಾಲೇಜು ಆಸ್ಪತ್ರೆ ಫ್ಯಾಕ್ಟರಿಗಳಿಗೆ ಇದು ಸರಿ. ಡೇಟಾಬೇಸ್ ಟೆಂಪ್ಲೇಟ್ ರೆಡಿ ಇರತ್ತೆ, ಹೋಸ್ಟಿಗೆ ಅಂಟಿಸಿದ್ರೆ ಐಟಮ್ಮು (ಅಳೆಯೋ ನಂಬರು) ಟ್ರಿಗರು (ಯಾವಾಗ ಎಬ್ಬಿಸ್ಬೇಕು ಅನ್ನೋ ಷರತ್ತು) ಎಲ್ಲಾ ಬಂದ್ಬಿಡತ್ತೆ, ಕ್ಲಿಕ್ ಮಾಡ್ಕೊಂಡೇ ಮುಗಿಸಬಹುದು, ಕೋಡ್ ಬರೆಯೋ ಹಂಗಿಲ್ಲ. ಯಾರನ್ನ ಎಬ್ಬಿಸ್ಬೇಕು, ಅವರು ಎದ್ದಿಲ್ಲ ಅಂದ್ರೆ ಹತ್ತು ನಿಮಿಷ ಬಿಟ್ಟು ಯಾರನ್ನ ಎಬ್ಬಿಸ್ಬೇಕು ಅನ್ನೋ ವ್ಯವಸ್ಥೆ ಇದ್ರಲ್ಲಿ ಒಳಗೇ ಇದೆ.

ಆದ್ರೆ ಒಂದು ವ್ಯಂಗ್ಯ ನೋಡಿ, ಜ್ಯಾಬಿಕ್ಸ್ ತನ್ನ ಡೇಟಾ ಎಲ್ಲಾ ಇಡೋದು ಮತ್ತೊಂದು ಮೈಎಸ್‌ಕ್ಯೂಎಲ್ ಅಥವಾ ಪೋಸ್ಟ್‌ಗ್ರೆಸ್ಸಲ್ಲಿ. ಅಂದ್ರೆ ಒಂದು ಡೇಟಾಬೇಸ್ ಕಾಯೋದಕ್ಕೆ ಇನ್ನೊಂದು ಡೇಟಾಬೇಸ್ ಸಾಕಬೇಕು, ಅದೂ ಸಣ್ಣದಲ್ಲ, ಐಟಮ್ ಜಾಸ್ತಿ ಆದಂಗೆ ಹಿಸ್ಟರಿ ಟೇಬಲ್ ಊದ್ಕೊಂಡು, ಹಳೇದು ಅಳಿಸೋ ಹೌಸ್‌ಕೀಪರ್ ಓಡಿದಾಗೆಲ್ಲ ಇಡೀ ಜ್ಯಾಬಿಕ್ಸ್ ತೆವಳಕ್ಕೆ ಶುರುವಾಗತ್ತೆ. ಪಾರ್ಟಿಷನ್ (ಟೇಬಲನ್ನ ತಾರೀಖಿನ ಪ್ರಕಾರ ತುಂಡು ಮಾಡೋದು) ಅಥವಾ ಟೈಮ್‌ಸ್ಕೇಲ್ (ಅದನ್ನ ತಾನೇ ಮಾಡೋ ಪೋಸ್ಟ್‌ಗ್ರೆಸ್ ಎಕ್ಸ್‌ಟೆನ್ಷನ್) ಮೊದಲ್ನೇ ದಿನವೇ ಯೋಚನೆ ಮಾಡಿ. ಮತ್ತೆ ಕಾಯೋ ಡೇಟಾಬೇಸಲ್ಲೇ ಜ್ಯಾಬಿಕ್ಸ್ ಟೇಬಲ್ ಇಟ್ಟು ಒಂದು ಸರ್ವರ್ ಉಳಿಸಿದೆ ಅನ್ನೋ ಜಾಣರೂ ಇದಾರೆ, ಅವರಿಗೆ ಏನ್ ಹೇಳೋದು.

ಪ್ರೊಮಿಥಿಯಸ್, ಗ್ರಫಾನಾ

ಬೆಂಗಳೂರಲ್ಲಿ ಇಂಟರ್‌ವ್ಯೂಗೆ ಹೋದ್ರೆ ಕೇಳೋದು ಇದನ್ನೇ. ಪ್ರೊಮಿಥಿಯಸ್ ನಂಬರ್ ಕೂಡಿಡತ್ತೆ, ಗ್ರಫಾನಾ ಅದನ್ನ ಗ್ರಾಫ್ ಮಾಡಿ ತೋರಿಸತ್ತೆ. ಪ್ರೊಮಿಥಿಯಸ್ ಸೌಂಡ್‌ಕ್ಲೌಡ್ ಕಂಪನಿಲಿ 2012ರಲ್ಲಿ ಶುರುವಾಗಿ, 2016ರಲ್ಲಿ ಸಿಎನ್‌ಸಿಎಫ್ ಅನ್ನೋ ಓಪನ್ ಸೋರ್ಸ್ ಸಂಸ್ಥೆಗೆ ಕ್ಯುಬರ್ನೆಟಿಸ್ ಆದ್ಮೇಲೆ ಎರಡನೇ ಪ್ರಾಜೆಕ್ಟಾಗಿ ಸೇರಿದ್ದು. ಇದು ಡೇಟಾಬೇಸನ್ನ ನೇರವಾಗಿ ಮಾತಾಡ್ಸಲ್ಲ, ಮಧ್ಯ ಒಂದು ಎಕ್ಸ್‌ಪೋರ್ಟರ್ (ಡೇಟಾಬೇಸಿನ ನಂಬರ್ ಓದಿ ಕೊಡೋ ಸಣ್ಣ ಪ್ರೋಗ್ರಾಂ) ಕೂರತ್ತೆ, ಮೈಎಸ್‌ಕ್ಯೂಎಲ್‌ದು 9104 ಪೋರ್ಟಲ್ಲಿ, ಪೋಸ್ಟ್‌ಗ್ರೆಸ್‌ದು 9187ರಲ್ಲಿ, ಪ್ರೊಮಿಥಿಯಸ್ ಹದಿನೈದು ಸೆಕೆಂಡಿಗೊಂದ್ ಸಲ ಬಂದು ನಂಬರ್ ಎತ್ಕೊಂಡು ಹೋಗತ್ತೆ.

ಹೊಸಬರು ಬೀಳೋ ಮೊದಲ್ನೇ ಗುಂಡಿ ಇಲ್ಲೇ ಇದೆ. "ಅಪ್" ಅನ್ನೋ ಮೆಟ್ರಿಕ್ (ಅಳತೆಯ ನಂಬರ್) 1 ಇದ್ರೆ ಡೇಟಾಬೇಸ್ ಇದೆ ಅಂತ ಅಲ್ಲ, ಎಕ್ಸ್‌ಪೋರ್ಟರ್ ಇದೆ ಅಂತ. ಡೇಟಾಬೇಸ್ ಸತ್ತು ಎಕ್ಸ್‌ಪೋರ್ಟರ್ ಬದುಕಿದ್ರೂ ಅದು 1 ಅಂತಾನೇ ಇರತ್ತೆ. ಅಲರ್ಟ್ ಹಾಕ್ಬೇಕಾಗಿದ್ದು ಮೈಎಸ್‌ಕ್ಯೂಎಲ್ ಅಪ್ ಅಥವಾ ಪಿಜಿ ಅಪ್ ಅನ್ನೋ ಬೇರೆ ಮೆಟ್ರಿಕ್ ಮೇಲೆ, ಜೊತೆಗೆ ಆ "ಅಪ್" ಮೇಲೂ ಒಂದು, ಯಾಕಂದ್ರೆ ಎಕ್ಸ್‌ಪೋರ್ಟರೇ ಸತ್ರೆ ಇನ್ನೊಂದು ಮೆಟ್ರಿಕ್ ಸೊನ್ನೆ ಆಗಲ್ಲ, ಸುಮ್ನೆ ಮಾಯ ಆಗತ್ತೆ, ಮಾಯ ಆಗಿದ್ದಕ್ಕೆ ಅಲರ್ಟ್ ಬರಲ್ಲ.

ಎರಡನೇ ಗುಂಡಿ ಇನ್ನೂ ಆಳ, ರೆಸ್ಪಾನ್ಸ್ ಟೈಮ್. ಇಷ್ಟೆಲ್ಲ ಹಾಕಿ ಗ್ರಫಾನಾದಲ್ಲಿ ನೂರೆಂಟು ಗ್ರಾಫ್ ಬಂದ್ಮೇಲೂ "ನಮ್ ಕ್ವೆರಿ ಎಷ್ಟು ಹೊತ್ತು ತಗೋತಿದೆ" ಅನ್ನೋ ಗ್ರಾಫೇ ಇರಲ್ಲ. ಮೈಎಸ್‌ಕ್ಯೂಎಲ್ ತನ್ನ ಸ್ಟೇಟಸ್ ಕೌಂಟರಲ್ಲಿ ಅದನ್ನ ಕೊಡೋದೇ ಇಲ್ಲ, ಎಷ್ಟು ಕ್ವೆರಿ ಬಂತು, ಎಷ್ಟು ನಿಧಾನದ್ದು ಅಂತ ಎಣಿಕೆ ಕೊಡತ್ತೆ, ಆ "ನಿಧಾನ" ಅಂದ್ರೆ ಡಿಫಾಲ್ಟ್ 10 ಸೆಕೆಂಡ್! ಒಂಬತ್ತು ಸೆಕೆಂಡ್ ತಗೊಂಡ ಕ್ವೆರಿ ಅದರ ಲೆಕ್ಕದಲ್ಲಿ ಚುರುಕು. ಅದನ್ನ 1ಕ್ಕೋ ಅರ್ಧಕ್ಕೋ ಇಳಿಸದೇ ಸ್ಲೋ ಕ್ವೆರಿ ಗ್ರಾಫ್ ನೋಡೋದು ಶುದ್ಧ ಆತ್ಮವಂಚನೆ. ನಿಜವಾದ ಟೈಮ್ ಬೇಕಂದ್ರೆ ಮೈಎಸ್‌ಕ್ಯೂಎಲ್ ತನ್ನ ಕೆಲಸದ ಲೆಕ್ಕ ತಾನೇ ಬರೆದಿಡೋ ಪರ್ಫಾರ್ಮೆನ್ಸ್ ಸ್ಕೀಮಾದ ಡೈಜೆಸ್ಟ್ ಟೇಬಲ್ಲಿಗೆ ಹೋಗ್ಬೇಕು, ಎಕ್ಸ್‌ಪೋರ್ಟರಲ್ಲಿ ಅದನ್ನ ಬೇರೆಯಾಗಿ ಆನ್ ಮಾಡ್ಬೇಕು. ಅಲ್ಲಿ ಟೈಮ್ ಪಿಕೋಸೆಕೆಂಡಲ್ಲಿ (ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗ) ಇರತ್ತೆ, ಮೊದಲ್ನೇ ಸಲ ನೋಡಿದಾಗ ನಂಗೆ ಯಾವ್ದೋ ಬ್ಯಾಂಕ್ ಅಕೌಂಟ್ ನಂಬರ್ ಅನ್ನಿಸ್ತು. 8ನೇ ವರ್ಷನ್ನಿಂದ ಅದ್ರಲ್ಲೇ 95, 99ನೇ ಪರ್ಸೆಂಟೈಲ್ (ನೂರಕ್ಕೆ 95 ಅಥವಾ 99 ಕ್ವೆರಿ ಎಷ್ಟು ಹೊತ್ತಿನೊಳಗೆ ಮುಗೀತು ಅನ್ನೋದು) ಕಾಲಮ್ಮೂ ಇದೆ. ಪೋಸ್ಟ್‌ಗ್ರೆಸ್ಸಲ್ಲಿ ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್ ಎಕ್ಸ್‌ಟೆನ್ಷನ್ ಹಾಕ್ಬೇಕು, ಪ್ರೀಲೋಡ್ ಲಿಸ್ಟಿಗೆ ಸೇರಿಸಿ ಒಂದ್ಸಲ ರೀಸ್ಟಾರ್ಟ್ ಆಗ್ಲೇಬೇಕು, ಅದು ಸರಾಸರಿ, ಕನಿಷ್ಠ, ಗರಿಷ್ಠ ಕೊಡತ್ತೆ, ಪರ್ಸೆಂಟೈಲ್ ಕೊಡಲ್ಲ.

ಪರ್ಸೆಂಟೈಲ್ ಯಾಕಪ್ಪಾ ಅಂದ್ರೆ, ಸಾವಿರ ಕ್ವೆರಿ ಬಂತು ಅಂದ್ಕೊಳ್ಳಿ, 980 ಕ್ವೆರಿ 5 ಮಿಲಿಸೆಕೆಂಡಲ್ಲಿ ಮುಗೀತು, 20 ಕ್ವೆರಿ 3 ಸೆಕೆಂಡ್ ತಗೊಳ್ತು. ಸರಾಸರಿ ಹತ್ತತ್ರ 65 ಮಿಲಿಸೆಕೆಂಡ್. ಆಹಾ ಅನ್ಸತ್ತೆ. 65 ಮಿಲಿಸೆಕೆಂಡ್ ಅನುಭವಿಸಿದ ಕ್ವೆರಿ ಒಂದೂ ಇಲ್ಲ ಅಲ್ಲಿ, ಚುರುಕಾಗಿದ್ದೋರಿಗೆ 5, ಫೋನ್ ಮಾಡಿ ಬಯ್ಯೋ ಇಪ್ಪತ್ತು ಜನಕ್ಕೆ 3000. 95ನೇ ಪರ್ಸೆಂಟೈಲೂ 5 ಅಂತಾನೇ ತೋರಿಸತ್ತೆ, 99ಕ್ಕೆ ಹೋದ್ರೆ ಮಾತ್ರ ಮೂರು ಸೆಕೆಂಡ್ ಕಾಣತ್ತೆ.

ನಾನು ಇದ್ರಲ್ಲಿ ದಿನಾ ನೋಡೋ ಗ್ರಾಫ್ ಒಂದೇ, ಥ್ರೆಡ್ಸ್ ರನ್ನಿಂಗ್. ಕನೆಕ್ಟ್ ಆಗಿರೋರು ನೂರು ಜನ ಇರ್ಲಿ ಚಿಂತೆ ಇಲ್ಲ, ಈ ಕ್ಷಣ ಕೆಲಸ ಮಾಡ್ತಿರೋದು ನಾಲ್ಕು ಕೋರಿನ ಮಷಿನ್ನಲ್ಲಿ ನಲವತ್ತು ಅಂದ್ರೆ ಕ್ಯೂ ನಿಂತಿದಾರೆ ಅಂತ ಅರ್ಥ, ಫೋನ್ ಬರೋಕ್ ಮುಂಚೆ ಇದು ಏರತ್ತೆ.

ಯಾರಿಗೆ ಇದು? ನಾಲ್ಕೈದು ಸರ್ವರ್ ಮೇಲಿದೆ, ಕಂಟೇನರ್ ಇದೆ, ಕಾನ್ಫಿಗ್‌ನ ಗಿಟ್‌ನಲ್ಲಿ ಇಡೋ ಅಭ್ಯಾಸ ಇದೆ, ಪ್ರಾಮ್‌ಕ್ಯೂಎಲ್ (ಪ್ರೊಮಿಥಿಯಸ್ಸಿನ ಕ್ವೆರಿ ಭಾಷೆ) ಕಲಿಯೋಕೆ ಒಬ್ಬರಿಗೆ ಎರಡು ವಾರ ಟೈಮ್ ಇದೆ. ಡಿಫಾಲ್ಟಲ್ಲಿ 15 ದಿನದ ಡೇಟಾ ಮಾತ್ರ ಇರತ್ತೆ, ಕಳೆದ ವರ್ಷ ಮಾರ್ಚ್ ಕೊನೇಲಿ ಹೆಂಗಿತ್ತು ಅಂತ ಈ ಮಾರ್ಚಲ್ಲಿ ಕೇಳಿದ್ರೆ ಸಿಗಲ್ಲ, ಬೇಕಂದ್ರೆ ಮೊದ್ಲೇ ಹೆಚ್ಚಿಸಿ. ಆಮೇಲೆ 9090, 9104 ಪೋರ್ಟೆಲ್ಲ ಹೊರಗೆ ತೆರೆದಿಡಬೇಡಿ, ಡಿಫಾಲ್ಟಾಗಿ ಪಾಸ್‌ವರ್ಡೇ ಕೇಳಲ್ಲ ಅವು.

ಪಿಎಂಎಂ: "ಯಾಕೆ ನಿಧಾನ" ಅನ್ನೋರಿಗೆ

ಪೂರ್ತಿ ಹೆಸರು ಪರ್ಕೋನಾ ಮಾನಿಟರಿಂಗ್ ಆಂಡ್ ಮ್ಯಾನೇಜ್‌ಮೆಂಟ್, ಪರ್ಕೋನಾ ಅನ್ನೋ ಕಂಪನಿ ಡೇಟಾಬೇಸಿಗೇ ಅಂತ ಮಾಡಿರೋ ಓಪನ್ ಸೋರ್ಸ್ ಟೂಲು. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್, ಮಾಂಗೋ ಮೂರಕ್ಕೂ ಆಗತ್ತೆ. ಒಳಗೆ ಗ್ರಫಾನಾ, ವಿಕ್ಟೋರಿಯಾ ಮೆಟ್ರಿಕ್ಸ್, ಕ್ಲಿಕ್‌ಹೌಸ್ (ಇವೆರಡು ನಂಬರ್ ಕೂಡಿಡೋ ಡೇಟಾಬೇಸುಗಳು) ಎಲ್ಲಾ ತುಂಬಿ ಒಂದು ಡಾಕರ್ ಇಮೇಜ್ ಮಾಡಿಟ್ಟಿದಾರೆ. ಇದ್ರ ಜೀವ ಕ್ವೆರಿ ಅನಾಲಿಟಿಕ್ಸ್ ಅನ್ನೋ ಪೇಜು. ನಿನ್ನೆ ಹನ್ನೊಂದರಿಂದ ಹನ್ನೆರಡರ ತನಕ ಸರ್ವರಿನ ಟೈಮ್ ಯಾರು ತಿಂದ್ರು ಅಂತ ಕ್ವೆರಿಗಳನ್ನ ಸಾಲಾಗಿ ನಿಲ್ಲಿಸತ್ತೆ, ಒಂದನ್ನ ಒತ್ತಿದ್ರೆ ಎಷ್ಟು ಸಲ ಓಡ್ತು, ಎಷ್ಟು ಸಾಲು ಓದಿ ಎಷ್ಟು ಸಾಲು ಕಳಿಸ್ತು ಅಂತ ತೋರಿಸತ್ತೆ. ನಂಗೆ ಸಿಕ್ಕ ಒಂದು ಕ್ವೆರಿ ಮೂರು ಲಕ್ಷ ಸಾಲು ಓದಿ ಹನ್ನೆರಡು ಸಾಲು ಕಳಿಸ್ತಿತ್ತು, ತಾರೀಖಿನ ಕಾಲಮ್ಮಿಗೆ ಫಂಕ್ಷನ್ ಸುತ್ತಿದ್ರು, ಇಂಡೆಕ್ಸ್ ಇದ್ರೂ ಕೆಲಸಕ್ಕೆ ಬರ್ತಿರ್ಲಿಲ್ಲ. ಒಂದೊಂದು ಸಲಕ್ಕೆ ಬರೀ 400 ಮಿಲಿಸೆಕೆಂಡು, ಸ್ಲೋ ಲಾಗಿಗೆ (ನಿಧಾನದ ಕ್ವೆರಿ ಬರೆದಿಡೋ ಫೈಲು) ಬೀಳ್ತಿರ್ಲಿಲ್ಲ, ಆದ್ರೆ ಹೋಮ್ ಪೇಜಲ್ಲಿದ್ದಿದ್ರಿಂದ ದಿನಕ್ಕೆ ಸಾವಿರಗಟ್ಟಲೆ ಸಲ ಓಡ್ತಿತ್ತು. ಒಬ್ಬ ದೊಡ್ಡ ಕಳ್ಳ ಹಿಡಿಯೋದು ಸುಲಭ, ದಿನಾ ಚಿಲ್ಲರೆ ಎತ್ತೋನನ್ನ ಹಿಡಿಯೋಕೆ ಇಂಥದ್ದು ಬೇಕು.

ಇದು ಹೊಟ್ಟೆಬಾಕ, 4 ಜಿಬಿ ರ‍್ಯಾಮಿನ ಡೇಟಾಬೇಸ್ ಸರ್ವರ್ ಪಕ್ಕದಲ್ಲೇ ಇದನ್ನೂ ಕೂರಿಸೋ ಯೋಚನೆ ಬೇಡ, ಅದಕ್ಕೇ ಬೇರೆ ಮಷಿನ್ ಬೇಕು. ಅಷ್ಟು ಇಲ್ಲ ಅಂದ್ರೆ ಬಡವರ ದಾರಿ ಇದೆ: ಸ್ಲೋ ಲಾಗನ್ನ ಒಂದು ಗಂಟೆ ಸೊನ್ನೆ ಸೆಕೆಂಡಿಗೆ ಇಳಿಸಿ (ಎಲ್ಲಾ ಕ್ವೆರಿ ಬೀಳತ್ತೆ, ಡಿಸ್ಕ್ ಮೇಲೆ ಕಣ್ಣಿರ್ಲಿ), ಪಿಟಿ ಕ್ವೆರಿ ಡೈಜೆಸ್ಟ್ ಅನ್ನೋ ಲಾಗ್ ಓದಿ ಲೆಕ್ಕ ಹಾಕೋ ಟೂಲಿಗೆ ಕೊಡಿ, ಹೆಚ್ಚುಕಮ್ಮಿ ಅದೇ ಲಿಸ್ಟ್ ಟರ್ಮಿನಲ್ಲಲ್ಲಿ ಸಿಗತ್ತೆ. ಪೋಸ್ಟ್‌ಗ್ರೆಸ್ಸಿನೋರಿಗೆ ಪಿಜಿ ಬ್ಯಾಜರ್ ಇದೆ.

ಕ್ಲೌಡಿನದ್ದೇ ಇದೆಯಲ್ಲ, ಅಥವಾ ದುಡ್ಡು ಕೊಟ್ರಾಯ್ತಲ್ಲ

ಅಮೆಜಾನ್ ಆರ್‌ಡಿಎಸ್ಸಲ್ಲಿದ್ರೆ (ಅವರೇ ನಡೆಸೋ ಡೇಟಾಬೇಸ್ ಸರ್ವಿಸ್) ಅವರ ಮಾನಿಟರಿಂಗ್ ಕ್ಲೌಡ್‌ವಾಚ್ ಸುಮ್ನೆ ಬರತ್ತೆ, ನಿಮಿಷಕ್ಕೊಂದು ನಂಬರ್. ಅಲ್ಲಿ ರೀಡ್ ಲೇಟೆನ್ಸಿ, ರೈಟ್ ಲೇಟೆನ್ಸಿ ಅಂತ ಎರಡು ಗ್ರಾಫ್ ಇದೆ, ಅದನ್ನ ಕ್ವೆರಿ ರೆಸ್ಪಾನ್ಸ್ ಟೈಮ್ ಅಂತ ಪ್ರೆಸೆಂಟೇಷನ್‌ಗೆ ಹಾಕೋರು ಇದಾರೆ. ಅದು ಡಿಸ್ಕಿನ ಒಂದೊಂದು ಓದು ಬರಹಕ್ಕೆ ಹಿಡಿಯೋ ಟೈಮ್, ನಿಮ್ ಕ್ವೆರಿ ಲಾಕಿಗೆ ಕಾಯ್ತಾ ಎಂಟು ಸೆಕೆಂಡ್ ಕೂತಿದ್ರೂ ಅದು ಒಂದು ಮಿಲಿಸೆಕೆಂಡ್ ಅಂತ ನಗ್ತಾ ಇರತ್ತೆ. ಖಾಲಿ ಜಾಗದ ಮೆಟ್ರಿಕ್ಕೂ ಇದೆ, ಆದ್ರೆ ಅಲಾರ್ಮ್ ನೀವೇ ಹಾಕ್ಬೇಕು. ಮಲ್ಟಿ ಎಝೆಡ್ (ಬೇರೆ ಡೇಟಾಸೆಂಟರಲ್ಲಿ ಇನ್ನೊಂದು ಪ್ರತಿ) ಇದ್ರೂ ಅದಕ್ಕೆ ಫೇಲ್‌ಓವರ್ ಆಗೋಕೆ ಒಂದೆರಡು ನಿಮಿಷ ಹಿಡಿಯತ್ತೆ, ಅವರು ಮಾತು ಕೊಡೋದು 99.95, ತಿಂಗಳಿಗೆ 21 ನಿಮಿಷ ಚಿಲ್ಲರೆ. ಆರ್‌ಡಿಎಸ್ ಒಂದೇ ಇರೋರು ಮೊದ್ಲು ಅದ್ರದ್ದೇ ಡೇಟಾಬೇಸ್ ಇನ್‌ಸೈಟ್ಸ್ ನೋಡಿ, ಸಾಕಾಗಿಲ್ಲ ಅಂದ್ರೆ ಮಾತ್ರ ಹೊರಗೆ ಬನ್ನಿ.

ಡೇಟಾಡಾಗ್ ಥರದ ದುಡ್ಡು ಕೊಡೋ ಸರ್ವಿಸ್ ನಿಜವಾಗ್ಲೂ ಚೆನ್ನಾಗಿದೆ, ಆಪ್‌ನ ಒಂದು ಕ್ಲಿಕ್ಕಿಂದ ಡೇಟಾಬೇಸಿನ ಕ್ವೆರಿ ಪ್ಲಾನ್ ತನಕ ಒಂದೇ ದಾರದಲ್ಲಿ ಪೋಣಿಸಿ ತೋರಿಸತ್ತೆ, ಟೀಮ್ ದೊಡ್ಡದಿದ್ರೆ ಉಳಿಯೋ ಸಂಬಳದ ಲೆಕ್ಕದಲ್ಲಿ ದುಬಾರಿ ಅಲ್ಲ. ಸಣ್ಣೋರಿಗೆ ಹೋಸ್ಟ್ ಲೆಕ್ಕದಲ್ಲಿ ಡಾಲರ್ ಬಿಲ್ಲು, ಜೊತೆಗೆ ನಮ್ ದೇಶದ ಕಾರ್ಡಲ್ಲಿ 15,000 ರೂಪಾಯಿ ಮೇಲಿನ ಆಟೋ ಡೆಬಿಟ್ಟಿಗೆ ಪ್ರತೀ ಸಲ ಒಟಿಪಿ ಬೇಕು ಅನ್ನೋ ರಿಸರ್ವ್ ಬ್ಯಾಂಕ್ ನಿಯಮ, ಯಾರೋ ಒಟಿಪಿ ಹಾಕೋದು ಮರೆತು ಮಾನಿಟರಿಂಗೇ ನಿಂತುಹೋಗೋ ಸಾಧ್ಯತೆನ ಲೆಕ್ಕಕ್ಕೆ ತಗೊಳ್ಳಿ. ಕ್ವೆರಿಯೊಳಗಿನ ಹೆಸರು, ಫೋನ್ ನಂಬರ್ ಹೊರಗೆ ಹೋಗ್ತಿಲ್ಲ ತಾನೇ ಅಂತಾನೂ ಒಂದ್ಸಲ ಕಣ್ಣಾರೆ ನೋಡಿ.

ಹಂಗಾದ್ರೆ ನಾನೇನ್ ಇಟ್ಕೊಂಡಿದೀನಿ

ಆ ಸಹಕಾರ ಸಂಘಕ್ಕೆ ಈಗ ಹಾರ್ಟ್‌ಬೀಟ್ ಸ್ಕ್ರಿಪ್ಟು, ಬೇರೆ ಡೇಟಾಸೆಂಟರಲ್ಲಿ ಕುಮಾ, ಸ್ಲೋ ಲಾಗ್ ಅರ್ಧ ಸೆಕೆಂಡಿಗೆ, ಬಿನ್‌ಲಾಗ್ ಏಳು ದಿನಕ್ಕೆ, ಡಿಸ್ಕ್ 80 ಪರ್ಸೆಂಟ್ ದಾಟಿದ್ರೆ ಮೆಸೇಜು. ಅಷ್ಟೇ. ಇನ್ನೊಬ್ಬ ಕ್ಲೈಂಟು, ಆರು ಸರ್ವರ್, ಒಂದು ರೆಪ್ಲಿಕಾ (ಮೂಲ ಡೇಟಾಬೇಸಿನ ಹಿಂದೆಯೇ ಅಪ್ಡೇಟ್ ಆಗೋ ನಕಲು), ಅಲ್ಲಿ ಪ್ರೊಮಿಥಿಯಸ್, ತೊಂದ್ರೆ ಬಂದ ತಿಂಗಳು ಮಾತ್ರ ಪಿಎಂಎಂ ಎಬ್ಬಿಸ್ತೀನಿ. ರೆಪ್ಲಿಕಾ ಇರೋರು ಒಂದು ನೆನಪಿಟ್ಕೊಳ್ಳಿ, ಎಷ್ಟು ಸೆಕೆಂಡ್ ಹಿಂದಿದೆ ಅನ್ನೋ ನಂಬರ್ ರೆಪ್ಲಿಕೇಷನ್ ನಿಂತೇಹೋದ್ರೆ ದೊಡ್ಡದಾಗಲ್ಲ, ನಲ್ (ಖಾಲಿ, ನಂಬರೇ ಇಲ್ಲ) ಆಗತ್ತೆ, 300ಕ್ಕಿಂತ ಜಾಸ್ತಿ ಆದ್ರೆ ಎಬ್ಬಿಸು ಅಂತ ಹಾಕಿದ್ರೆ ನಲ್ ಯಾವತ್ತೂ 300 ದಾಟಲ್ಲ. ಪ್ರೈಮರಿಲಿ (ಮೂಲ ಡೇಟಾಬೇಸಲ್ಲಿ) ಬರೆದ ಹಾರ್ಟ್‌ಬೀಟ್ ಸಾಲನ್ನ ರೆಪ್ಲಿಕಾದಲ್ಲಿ ಓದಿ ಈಗಿನ ಟೈಮಿಂದ ಕಳೆದ್ರೆ ಸತ್ಯ ಸಿಗತ್ತೆ.

ಯಾವ್ದೇ ಹಾಕಿ, ಹಾಕಿದ್ಮೇಲೆ ಒಂದ್ಸಲ ನೀವೇ ಬೇಕಂತ ಡೇಟಾಬೇಸ್ ನಿಲ್ಲಿಸಿ ನೋಡಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಅನ್ನೋ ಕೋಡ್ ಇಡೋ ಸರ್ವಿಸಿನ ಪೋಸ್ಟ್‌ಗ್ರೆಸ್ ಡೇಟಾ ಕೈತಪ್ಪಿ ಅಳಿಸಿಹೋದಾಗ ಗೊತ್ತಾಗಿದ್ದೇನಂದ್ರೆ ಅವರ ಬ್ಯಾಕಪ್ ಅದಕ್ಕೂ ಮೊದ್ಲಿಂದಾನೇ ಫೇಲ್ ಆಗ್ತಿತ್ತು, ಫೇಲ್ ಆಗಿದೆ ಅಂತ ಹೇಳೋ ಈಮೇಲೂ ಹೋಗ್ತಿತ್ತು, ಆದ್ರೆ ಆ ಈಮೇಲಿಗೆ ಡಿಮಾರ್ಕ್ (ಈಮೇಲ್ ಅಸಲಿ ಅಂತ ಖಾತ್ರಿ ಮಾಡೋ ವ್ಯವಸ್ಥೆ) ಆನ್ ಆಗಿರ್ಲಿಲ್ಲ, ಅದಕ್ಕೆ ಪಡೆಯೋ ಕಡೆಯ ಮೇಲ್ ಸರ್ವರ್ ಅದನ್ನ ತಿರಸ್ಕರಿಸ್ತಿತ್ತು. ಅದನ್ನ ಓದಿದ್ಮೇಲೆ ನಾನೂ ಒಂದು ಶನಿವಾರ ಸಂಜೆ ಸಂಘದೋರಿಗೆ ಹೇಳಿ, ಕೌಂಟರ್ ಮುಚ್ಚಿದ್ಮೇಲೆ ಮೈಎಸ್‌ಕ್ಯೂಎಲ್ ನಿಲ್ಲಿಸಿ ಟೀ ಮಾಡ್ಕೊಂಡು ಕೂತೆ. ಐದು ನಿಮಿಷ ಆಯ್ತು, ಹತ್ತಾಯ್ತು, ಫೋನ್ ಸದ್ದೇ ಇಲ್ಲ, ಕುಮಾನ ಬಯ್ಕೊಂಡು ಎದ್ದು ನೋಡಿದ್ರೆ ಮೆಸೇಜ್ ಎರಡೂವರೆ ನಿಮಿಷಕ್ಕೇ ಬಂದಿತ್ತು, ಫೋನ್ ಸೈಲೆಂಟಲ್ಲಿತ್ತು. ಈಗ ಆ ಒಂದು ಚಾನಲ್ಲಿಗೆ ಮಾತ್ರ ಬೇರೆ ರಿಂಗ್‌ಟೋನ್ ಹಾಕಿದೀನಿ, ಸೈಲೆಂಟಲ್ಲೂ ಬಡ್ಕೊಳ್ಳತ್ತೆ, ಮನೆಯವರಿಗೂ ಅದರ ಸದ್ದು ಗೊತ್ತು, ನಾನು ನಿದ್ದೆಲಿದ್ರೆ ಅವರೇ ಎಬ್ಬಿಸ್ತಾರೆ.